ಕೂಸಿಗೆ ತನ್ನ ಕಾಟ್‌ನಲ್ಲೇ ಮಲಗೋದು ಕಲಿಸಬೇಕಾ?

ಪರ: ತಂಗಿ, ಶಿವಮೊಗ್ಗದಿಂದ

ಕಲಿಸಬೇಕು. ಅತ್ತು ಅತ್ತು ಸುಸ್ತಾಗಿ ಮಲಗಲಿ ಅಂತ ಬಾಗಿಲು ಹಾಕಿಕೊಂಡು ಹೋಗುವುದನ್ನು ನಾನು ಕಲಿಸುವುದು ಅನ್ನುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮಂಚದ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಕೂಸಿಗೆ ಅಂತಲೇ ಒಂದು ಕಾಟ್ ಇರಬೇಕು. ಅದರಲ್ಲಿ ಮಲಗುವುದು ಅದಕ್ಕೆ ರೂಢಿ ಆಗಬೇಕು.

ನನ್ನ ಮಗಳು ಹುಟ್ಟಿದ್ದು ಜೂನ್ ಕೊನೆಯಲ್ಲಿ. ಬಾಣಂತನಕ್ಕೆ ತೀರ್ಥಹಳ್ಳಿ ಹತ್ತಿರದ ತವರಿಗೆ ಹೋಗಿದ್ದೆ. ಹೊರಗೆ ಬಿಡದೆ ಸುರಿಯುವ ಮಳೆ. ಒಳಗೆ ದಪ್ಪ ಹತ್ತಿ ಹಾಸಿಗೆ, ಮೇಲೆ ಕಂಬಳಿ, ಕೂಸಿನ ತಲೆಗೆ ಕುಲಾವಿ, ತಲೆ ಕೆಳಗೆ ಸಾಸಿವೆ ದಿಂಬು. ಎಲ್ಲರೂ ಪ್ರೀತಿಯಿಂದಲೇ ಮಾಡಿದ್ದು. ಒಂದು ರಾತ್ರಿ ಎರಡು ಗಂಟೆ ಹೊತ್ತಿಗೆ ಹಾಲು ಕೊಡುತ್ತಾ ಕೊಡುತ್ತಾ ನನಗೆ ನಿದ್ದೆ ಹತ್ತಿಬಿಟ್ಟಿತು. ಎಚ್ಚರ ಆದಾಗ ಕಂಬಳಿಯ ಅಂಚು ಅವಳ ಮೂಗಿನ ಮೇಲೆ ಬಂದಿತ್ತು. ಎಳೆದು ತೆಗೆದೆ. ಕುಲಾವಿಯ ಒಳಗೆ ಕೂದಲು ಬೆವರಿ ಒದ್ದೆಯಾಗಿತ್ತು. ಉಸಿರಾಡುತ್ತಿದ್ದಾಳಾ ಅಂತ ಎದೆ ಮೇಲೆ ಕೈ ಇಟ್ಟು ಕಾದೆನಲ್ಲ, ಅದನ್ನು ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ. ಅವಳಿಗೆ ಏನೂ ಆಗಿರಲಿಲ್ಲ. ಬೆಳಕು ಹರಿಯುವವರೆಗೆ ನಾನು ಮಾತ್ರ ಮಲಗಲಿಲ್ಲ.

ಆಮೇಲೆ ಕೂತು ಓದಿದೆ. ಆರೋಗ್ಯವಾಗಿದ್ದ ಮಕ್ಕಳು ಕಾರಣವೇ ಗೊತ್ತಾಗದೆ ನಿದ್ದೆಯಲ್ಲಿ ತೀರಿಕೊಳ್ಳುವುದುಂಟು, ಅದಕ್ಕೆ ಸಿಡ್ಸ್ ಅನ್ನುತ್ತಾರೆ. ಅಪರೂಪ. ಆದರೆ ಆಗುವುದು ಬಹುಪಾಲು ಮೊದಲ 6 ತಿಂಗಳಲ್ಲಿ, ಅದರಲ್ಲೂ 1ರಿಂದ 4 ತಿಂಗಳ ನಡುವೆ ಜಾಸ್ತಿ. ಅಮೆರಿಕದಲ್ಲಿ 1994ರಲ್ಲಿ ಕೂಸನ್ನು ಅಂಗಾತ ಮಲಗಿಸಿ ಅಂತ ದೊಡ್ಡ ಪ್ರಚಾರ ಶುರು ಮಾಡಿದರು. ಕೆಲವೇ ವರ್ಷಗಳಲ್ಲಿ ಇಂಥ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲೂ ಅದನ್ನೇ ಹೇಳಿದೆ. ಅಂಗಾತ ಮಲಗಿಸಿ. ಹಾಸಿಗೆ ಗಟ್ಟಿಯಾಗಿ, ಸಪಾಟಾಗಿ ಇರಲಿ. ಬಿಗಿಯಾಗಿ ಹಾಸಿದ ಒಂದು ಬಟ್ಟೆ ಬಿಟ್ಟರೆ ದಿಂಬು, ರಜಾಯಿ, ಗೊಂಬೆ ಯಾವುದೂ ಬೇಡ. ಅಪ್ಪ ಅಮ್ಮ ಇರುವ ಕೋಣೆಯಲ್ಲೇ, ಆದರೆ ಬೇರೆ ಹಾಸಿಗೆಯಲ್ಲಿ, ಕಡೇಪಕ್ಷ 6 ತಿಂಗಳು. ಮನೆಯೊಳಗೆ ಮಲಗಿಸುವಾಗ ಟೋಪಿಯೂ ಬೇಡ, ಕೂಸಿನ ಮೈ ಬಿಸಿ ಹೊರಗೆ ಹೋಗುವುದು ತಲೆಯಿಂದಲೇ ಜಾಸ್ತಿ.

ಸೀರೆ ಜೋಲಿಯ ಬಗ್ಗೆಯೂ ಹೇಳಬೇಕು. ನಾನೂ ಜೋಲಿಯಲ್ಲೇ ಬೆಳೆದವಳು. ಆದರೆ ಜೋಲಿಯಲ್ಲಿ ಕೂಸಿನ ಬೆನ್ನು ಬಾಗುತ್ತದೆ, ಗಲ್ಲ ಎದೆಗೆ ಒತ್ತುತ್ತದೆ. ಕತ್ತು ನಿಲ್ಲದ ಕೂಸಿಗೆ ಅಷ್ಟರಲ್ಲೇ ಉಸಿರಾಟಕ್ಕೆ ತೊಂದರೆ ಆಗಬಹುದು. ಹಗಲು ಎದುರಿಗೆ ಕೂತು ತೂಗುವುದು ಬೇರೆ, ಇಡೀ ರಾತ್ರಿ ಅದರಲ್ಲೇ ಬಿಡುವುದು ಬೇರೆ.

ಕಲಿಸುವುದು ಹೇಗೆ ಅಂದರೆ, ನಿಧಾನವಾಗಿ. ಕೂಸಿನ ನಿದ್ದೆಯ ಒಂದು ಸುತ್ತು ಸುಮಾರು 50 ನಿಮಿಷ. ಪ್ರತಿ ಸುತ್ತು ಮುಗಿದಾಗ ಅದು ಅರೆ ಎಚ್ಚರ ಆಗುತ್ತದೆ. ತೋಳಲ್ಲಿ ನಿದ್ದೆ ಹೋದ ಕೂಸು ಆಗ ತೋಳು ಹುಡುಕುತ್ತದೆ, ಸಿಗದಿದ್ದರೆ ಅಳುತ್ತದೆ. ಕಾಟ್‌ನಲ್ಲೇ ನಿದ್ದೆ ಹೋದ ಕೂಸಿಗೆ ಕಣ್ಣು ಬಿಟ್ಟರೂ ಅದೇ ಜಾಗ. ಅದಕ್ಕೇ ರೆಪ್ಪೆ ಭಾರ ಆಗಿ, ಇನ್ನೂ ಪೂರ್ತಿ ನಿದ್ದೆ ಹೋಗುವ ಮೊದಲೇ ಮಲಗಿಸಬೇಕು. ನಾನು ಮೊದಲು ತಲೆ ಇಡುತ್ತಿದ್ದೆ, ಅವಳು ಎರಡೂ ಕೈ ಅಗಲಿಸಿ ಬೆಚ್ಚಿಬೀಳುತ್ತಿದ್ದಳು. ಕಾಲು ಮೊದಲು, ಆಮೇಲೆ ಕುಂಡೆ, ಬೆನ್ನು, ಕೊನೆಗೆ ತಲೆ ಇಟ್ಟು, ಒಂದು ಕೈಯನ್ನು ಎದೆ ಮೇಲೆ ಸ್ವಲ್ಪ ಹೊತ್ತು ಹಾಗೇ ಬಿಟ್ಟರೆ ಬೆಚ್ಚುವುದು ಎಷ್ಟೋ ಕಡಿಮೆ ಆಯಿತು. ನಮ್ಮ ಮಳೆಗಾಲದಲ್ಲಿ ಇನ್ನೊಂದು ಕಷ್ಟ, ಹಾಸಿದ ಬಟ್ಟೆ ಯಾವಾಗಲೂ ತಂಡಿ ಹಿಡಿದಿರುತ್ತದೆ. ಬೆಚ್ಚಗಿನ ಎದೆಯಿಂದ ಎತ್ತಿ ಅಂಥ ಬಟ್ಟೆ ಮೇಲೆ ಇಟ್ಟರೆ ಯಾವ ಕೂಸು ಸುಮ್ಮನಿರುತ್ತದೆ ಹೇಳಿ. ಹಾಸುವ ಮೊದಲು ಒಮ್ಮೆ ಇಸ್ತ್ರಿ ಮಾಡಿ, ಕೈ ಇಟ್ಟು ನೋಡಿ, ಬಿಸಿ ಆರಿದ ಮೇಲೆ ಹಾಸಿದೆ. ಅವತ್ತೇ ಮೊದಲ ಸಲ ಒಂದೂವರೆ ಗಂಟೆ ಕಾಟ್‌ನಲ್ಲಿ ಮಲಗಿದಳು.

ಕಾಟ್ ಕೊಳ್ಳುವವರು ಕಟಕಟೆಯ ಕಂಬಿಗಳ ನಡುವೆ 6 ಸೆಂಟಿಮೀಟರಿಗಿಂತ ಜಾಸ್ತಿ ಸಂದು ಇಲ್ಲದ್ದನ್ನು ನೋಡಿ ತನ್ನಿ. ಸೊಳ್ಳೆ ಪರದೆ ಕೂಸಿನ ಕೈಗೆ ಸಿಗದ ಹಾಗೆ ಬಿಗಿಯಾಗಿ ಕಟ್ಟಿ.

ನನ್ನ 26 ವಾರದ ಹೆರಿಗೆ ರಜೆ ಡಿಸೆಂಬರ್ ಕೊನೆಗೆ ಮುಗಿಯಿತು. ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಡಬೇಕು. ರಾತ್ರಿಯಿಡೀ ಕೂಸನ್ನು ಹೆಗಲಿಗೆ ಹಾಕಿಕೊಂಡು ತಿರುಗಿದ ಮೇಲೆ ಸ್ಕೂಟರ್ ಓಡಿಸುವುದು ಹೇಗೆ? ಹೀಗೆ ಕಲಿಸಿದರೆ ಮಗುವಿನ ಮನಸ್ಸಿಗೆ ಪೆಟ್ಟು ಬೀಳುತ್ತದೆ ಅಂತ ಹೆದರಿಸುವವರಿದ್ದಾರೆ. ಆಸ್ಟ್ರೇಲಿಯಾದಲ್ಲಿ ನಿದ್ದೆಯ ತೊಂದರೆ ಇದ್ದ 326 ಮಕ್ಕಳನ್ನು 7 ತಿಂಗಳಿಂದ 6 ವರ್ಷ ಆಗುವವರೆಗೆ ನೋಡಿದರು. ಕಾಯುವ ಹೊತ್ತನ್ನು ಸ್ವಲ್ಪ ಸ್ವಲ್ಪ ಜಾಸ್ತಿ ಮಾಡುವುದು, ಇಲ್ಲಾ ಪಕ್ಕದಲ್ಲಿ ಕುರ್ಚಿ ಹಾಕಿ ಕೂತು ದಿನದಿನಕ್ಕೆ ದೂರ ಸರಿಯುವುದು, ಈ ಎರಡನ್ನು ಅಪ್ಪ ಅಮ್ಮಂದಿರಿಗೆ ಹೇಳಿಕೊಟ್ಟಿದ್ದರು. ಮಕ್ಕಳ ಮನಸ್ಸಿಗಾಗಲಿ, ಅಮ್ಮನ ಜೊತೆಗಿನ ನಂಟಿಗಾಗಲಿ ಯಾವ ಕೆಡುಕೂ ಕಾಣಲಿಲ್ಲ. 2012ರಲ್ಲಿ ಅದು ಪ್ರಕಟವಾಗಿದೆ.

ವಿರೋಧ: ಅಕ್ಕ, ತೀರ್ಥಹಳ್ಳಿ ಕಡೆಯಿಂದ

ಕಂಬಳಿ ಅಂಚಿನ ವಿಷಯ ಅವಳು ಇಲ್ಲಿಯವರೆಗೆ ನನಗೆ ಹೇಳಿರಲೇ ಇಲ್ಲ. ಅವತ್ತು ಪಕ್ಕದ ಕೋಣೆಯಲ್ಲಿ ನಾನೇ ಮಲಗಿದ್ದೆ. ಕರೆದಿದ್ದರೆ ಬರುತ್ತಿದ್ದೆನಲ್ಲ ಮಾರಾಯ್ತಿ.

ಓದಿದ ದಿನವೇ ಸಾಸಿವೆ ದಿಂಬು ತೆಗೆದು ಅಟ್ಟಕ್ಕೆ ಹಾಕಿದೆ. ಕುಲಾವಿ, ಕಂಬಳಿ, ಅಂಗಾತ ಮಲಗಿಸುವುದು, ಇದರಲ್ಲೆಲ್ಲ ಅವಳು ಹೇಳಿದ್ದು ಸರಿ. ಪಕ್ಕದಲ್ಲಿ ಕಾಟ್ ಇಡುವುದಕ್ಕೂ ನನ್ನ ತಕರಾರಿಲ್ಲ. ನಾನು ಬೇಡ ಅನ್ನುವುದು ಆ ಕಲಿಸುವ ಕೆಲಸವನ್ನು. ರಾತ್ರಿ ಎಚ್ಚರ ಆಗುವುದು ಕೂಸಿನ ತಪ್ಪು, ತಿದ್ದಬೇಕು ಅನ್ನುವ ಹಾಗೆ ಮಾತಾಡುತ್ತೇವಲ್ಲ, ಅದನ್ನು.

ಹುಟ್ಟಿದ ಕೂಸಿಗೆ ಹಗಲು ರಾತ್ರಿ ಅಂತ ಗೊತ್ತಿರುವುದಿಲ್ಲ. ಅದು ತಿಳಿಯುವುದಕ್ಕೇ ಎರಡು ಮೂರು ತಿಂಗಳು ಬೇಕು. ಹೊಟ್ಟೆ ಚಿಕ್ಕದು, ತಾಯಿ ಹಾಲು ಬೇಗ ಅರಗುತ್ತದೆ, ಹಸಿವಾದರೆ ಏಳುತ್ತದೆ. ಹಾಲು ಬರಿಸುವ ಪ್ರೊಲ್ಯಾಕ್ಟಿನ್ ತಾಯಿಯ ಮೈಯಲ್ಲಿ ರಾತ್ರಿ ಹೊತ್ತೇ ಜಾಸ್ತಿ ಇರುತ್ತದೆ. ರಾತ್ರಿ ಕುಡಿಸುವುದು ನಿಂತರೆ ಎಷ್ಟೋ ಜನರಿಗೆ ಹಾಲು ಕಮ್ಮಿ ಆಗುತ್ತದೆ. ಮತ್ತೆ, ಎದೆಹಾಲು ಕುಡಿಯುವ ಮಕ್ಕಳಲ್ಲಿ ಅವಳು ಹೆದರುವ ಆ ಸಿಡ್ಸ್ ಕಡಿಮೆ ಅಂತ ಅದೇ ಅಮೆರಿಕದ ವೈದ್ಯರೇ ಹೇಳುತ್ತಾರೆ. ಜೇಮ್ಸ್ ಮೆಕೆನ್ನಾ ಅನ್ನುವ ಮಾನವಶಾಸ್ತ್ರಜ್ಞರು ತಾಯಿ ಮಗು ಒಟ್ಟಿಗೆ ಮಲಗುವುದನ್ನು ಪ್ರಯೋಗಾಲಯದಲ್ಲಿ ನೋಡಿದವರು. ಒಬ್ಬರು ಸ್ವಲ್ಪ ಅಲ್ಲಾಡಿದರೆ ಇನ್ನೊಬ್ಬರಿಗೂ ಅರೆ ಎಚ್ಚರ ಆಗುತ್ತದೆ, ಕೂಸು ತೀರಾ ಗಾಢ ನಿದ್ದೆಗೆ ಜಾರುವುದು ಕಡಿಮೆ ಅಂತ ಅವರು ಕಂಡುಕೊಂಡರು. ಹಾಗಂತ ಎಲ್ಲರೂ ಪಕ್ಕದಲ್ಲೇ ಹಾಕಿಕೊಂಡು ಮಲಗಿ ಅನ್ನುವುದಿಲ್ಲ. ಬೀಡಿ ಸಿಗರೇಟು, ಕುಡಿತ, ನಿದ್ದೆ ಬರಿಸುವ ಮಾತ್ರೆ ಇರುವ ಕಡೆ, ತಿಂಗಳು ತುಂಬದೆ ಹುಟ್ಟಿದ ಕೂಸಿನ ಜೊತೆ ಅದು ಖಂಡಿತ ಬೇಡ. ಸೋಫಾದ ಮೇಲೆ ಅಂತೂ ಯಾವತ್ತೂ ಬೇಡ.

ಆಸ್ಟ್ರೇಲಿಯಾದ ಆ ಅಧ್ಯಯನವನ್ನು ಅವಳು ಅರ್ಧ ಹೇಳಿದ್ದಾಳೆ. ಕೆಡುಕು ಕಾಣಲಿಲ್ಲ, ನಿಜ. 6 ವರ್ಷ ಆದಾಗ ಕಲಿತ ಮಕ್ಕಳಿಗೂ ಕಲಿಯದ ಮಕ್ಕಳಿಗೂ ನಿದ್ದೆಯಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ, ಅದೂ ಅಷ್ಟೇ ನಿಜ. ಅಂದರೆ ಕಲಿಸದಿದ್ದರೂ ಮಕ್ಕಳು ಮಲಗುತ್ತವೆ. ನನ್ನ ಎರಡೂ ಮಕ್ಕಳಿಗೆ ಯಾರೂ ಏನೂ ಕಲಿಸಲಿಲ್ಲ. ದೊಡ್ಡವನು ಒಂದೂವರೆ ವರ್ಷದವರೆಗೆ ರಾತ್ರಿ ಎರಡು ಸಲ ಏಳುತ್ತಿದ್ದ. ಈಗ ಎಬ್ಬಿಸಿದರೂ ಏಳುವುದಿಲ್ಲ.

ಆಗ ನನಗೆ ಸುಸ್ತಾಗಲಿಲ್ಲವಾ? ಆಯಿತು. ಆದರೆ ಮನೆಯಲ್ಲಿ ಜನ ಇದ್ದರು. ಅಡಿಕೆ ಸುಗ್ಗಿಯಲ್ಲಿ ಅಂಗಳದ ಚಪ್ಪರದ ಕೆಳಗೆ ರಾತ್ರಿ ಹನ್ನೊಂದರವರೆಗೂ ಸುಲಿಯುತ್ತಾ ಕೂತಿರುತ್ತಿದ್ದರು. ಮಗ ಅತ್ತರೆ ಅತ್ತೆ ಮೆಟ್ಟುಕತ್ತಿ ಬದಿಗಿಟ್ಟು, ಕೈ ತೊಳೆದು, ಅವನನ್ನು ಎತ್ತಿಕೊಂಡು ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು. ಅವರಿಂದ ಮಾವನಿಗೆ, ಮಾವನಿಂದ ನಮ್ಮವರಿಗೆ. ಹಾಲಿಗೆ ಮಾತ್ರ ನನ್ನ ಹತ್ತಿರ ತರುತ್ತಿದ್ದರು. ಶಿವಮೊಗ್ಗದ ಎರಡು ಕೋಣೆಯ ಮನೆಯಲ್ಲಿ ಅವಳಿಗೆ ಆ ಕೈಗಳಿಲ್ಲ. ಅವಳಿಗೆ ಆಗುತ್ತಿರುವ ಕಷ್ಟ ಅದು. ಅದಕ್ಕೆ 7 ತಿಂಗಳ ಕೂಸು ಕಾಯುವುದನ್ನು ಕಲಿಯಬೇಕಾ? ನಡುರಾತ್ರಿ ಕೂಸು ಎದ್ದರೆ ಅವಳ ಗಂಡನೂ ಏಳಬಹುದು. ಅವರ ಆಫೀಸೂ ಹತ್ತಕ್ಕೇ.

ಸುಗ್ಗಿ ಮುಗಿಯುತ್ತಾ ಬಂತು. ಅಂಗಳದಲ್ಲಿ ಒಣಗಲು ಹರವಿದ ಕೊನೆಯ ಅಡಿಕೆ ಎತ್ತಿದ ಮೇಲೆ ಹದಿನೈದು ದಿನ ಅಲ್ಲಿಗೆ ಬರುತ್ತೇನೆ ಅಂತ ನಿನ್ನೆ ಫೋನ್ ಮಾಡಿ ಹೇಳಿದೆ. ಕಾಟ್ ಅಲ್ಲೇ ಇರಲಿ. ಎರಡು ಗಂಟೆಗೆ ಪುಟ್ಟಿ ಎದ್ದರೆ ನಾನು ಎತ್ತಿಕೊಳ್ಳುತ್ತೇನೆ, ಮಲಗಿದ ಮೇಲೆ ಅವಳು ಹೇಳಿದ ಹಾಗೇ ಕಾಲು ಮೊದಲು ಮಾಡಿ ಇಡುತ್ತೇನೆ. ಮತ್ತೆ ಎದ್ದರೆ ಮತ್ತೆ ಎತ್ತಿಕೊಳ್ಳುತ್ತೇನೆ.