ಪೈಪ್ ಹಾಕಿಸಿದೀರಾ ಅಂತ ಕೇಳ್ತಾರೆ, ನೀರು ಇಂಗ್ತಿದೆಯಾ ಅಂತ ಯಾರೂ ಕೇಳಲ್ಲ

ಹೋದ ತಿಂಗಳು ನಮ್ಮತ್ತೆ ಮನೆಯ ಮಳೆನೀರು ಇಂಗುಗುಂಡಿ ಮುಚ್ಚಳ ತೆಗೆಸಿದ್ವಿ. ಒಳಗೆ ಬರೀ ಹೂಳು, ಕೊಳೆತ ಎಲೆ, ತಾರಸಿಯಿಂದ ಕೊಚ್ಕೊಂಡು ಬಂದ ಸಿಮೆಂಟ್ ಪುಡಿ. ಹನ್ನೆರಡು ವರ್ಷದ ಹಿಂದೆ ಮನೆ ಕಟ್ಟಿಸುವಾಗ ಪ್ಲಂಬರ್ ಜಲ್ಲಿ, ಮರಳು ತುಂಬಿ ಹೋಗಿದ್ದಷ್ಟೇ, ಅದನ್ನ ಆಗಾಗ ಕ್ಲೀನ್ ಮಾಡಿಸ್ಬೇಕು ಅಂತ ಅವರೂ ಹೇಳ್ಲಿಲ್ಲ ನಾವೂ ಕೇಳ್ಲಿಲ್ಲ, ಮಳೆ ಬಂದಾಗೆಲ್ಲ ಗುಂಡಿ ಉಕ್ಕಿ ನೀರೆಲ್ಲ ಸೀದಾ ಮೋರಿಗೆ. ಲೆಕ್ಕದಲ್ಲಿ ಮಾತ್ರ ಅದು ಕಾನೂನು ಪಾಲಿಸಿದ ಮನೆ.

ಬೆಂಗಳೂರಲ್ಲಿ ಮಳೆನೀರು ಕೊಯ್ಲು ಕಡ್ಡಾಯ ಆಗಿದ್ದು 2009ರಲ್ಲಿ, ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು. ಹಳೇ ಮನೆ ಆದ್ರೆ 60-40 ಸೈಟು, ಹೊಸದಾಗಿ ಕಟ್ಟೋದಾದ್ರೆ 30-40 ಸೈಟಿಂದ ಮೇಲೆ. ಮಾಡಿಸ್ದೇ ಇದ್ರೆ ಮನೆಗಳಿಗೆ ಮೊದಲ 3 ತಿಂಗಳು ನೀರಿನ ಬಿಲ್ ಮೇಲೆ ಶೇ. 25 ದಂಡ, ಆಮೇಲೆ ಶೇ. 50. ಒಳ್ಳೇ ಕಾನೂನು, ಬೇಕೇ ಬೇಕು. ಊರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತೆ, ಅಂದ್ರೆ ಒಂದು 30-40 ಸೈಟಿನ ಮೇಲೇ ಲಕ್ಷ ಲೀಟರ್‌ಗಿಂತ ಜಾಸ್ತಿ, ಅದನ್ನ ಮೋರಿಗೆ ಬಿಟ್ಟು 100 ಕಿಲೋಮೀಟರ್ ದೂರದ ಕಾವೇರಿನ ಪಂಪ್ ಮಾಡಿ ಮೇಲಕ್ಕೆ ತರಿಸ್ಕೊಂಡು ಕುಡೀತಿದೀವಿ.

ಆದ್ರೆ ಪೇಪರಲ್ಲಿ ಬರೋ ಲೆಕ್ಕ ನೋಡಿ, ಎಷ್ಟು ಮನೆಯವರು ಹಾಕಿಸಿದಾರೆ, ಎಷ್ಟು ಕೋಟಿ ದಂಡ ಬಂತು. ದಂಡ ಜಾಸ್ತಿ ಬಂದ್ರೆ ಕಾನೂನು ಗೆದ್ದಂಗಾ, ಸೋತಂಗಾ? ನೆಲಕ್ಕೆ ಎಷ್ಟು ನೀರು ಹೋಯ್ತು, ಆ ಏರಿಯಾ ಬೋರ್‌ವೆಲ್ ಮಟ್ಟ ಮೇಲೆ ಬಂತಾ, ಟ್ಯಾಂಕರ್ ಕರೆಸೋದು ಕಮ್ಮಿ ಆಯ್ತಾ, ಕೇಳ್ಬೇಕಾಗಿದ್ದು ಇದನ್ನ. 2024ರ ಮಾರ್ಚಲ್ಲಿ ಸರ್ಕಾರನೇ ಹೇಳ್ತು, ನಗರದ 13,900 ಬೋರ್‌ವೆಲ್‌ಗಳಲ್ಲಿ 6,900 ಒಣಗಿವೆ ಅಂತ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ಕೆರೆ ಮುಚ್ಚಿದ್ದು, ಎಲ್ಲೆಲ್ಲೂ ಕಾಂಕ್ರೀಟ್ ಹಾಕಿದ್ದು ಎಲ್ಲಾ ಸೇರಿತ್ತು, ನಿಜ. ಆದ್ರೂ ಹದಿನೈದು ವರ್ಷದಿಂದ ಇದ್ದ ಒಂದು ಕಾನೂನು ಆ ಬೇಸಿಗೇಲಿ ನಮಗೆ ಎಷ್ಟು ಉಪಯೋಗಕ್ಕೆ ಬಂತು ಅಂತ ಕೂತು ಲೆಕ್ಕ ಹಾಕ್ಬೇಕಿತ್ತು.

ಕಾನೂನು ತರೋ ಮುಂಚೆ ಕರಡನ್ನ ಕನಿಷ್ಠ 30 ದಿನ ಜನರ ಮುಂದೆ ಇಡ್ಬೇಕು ಅಂತ ಕೇಂದ್ರ ಸರ್ಕಾರ 2014ರಲ್ಲೇ ನೀತಿ ಮಾಡಿದೆ. ತಂದ ಮೇಲೆ? ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಿಎಜಿ ಆಡಿಟ್ ಇದೆ, ಅದು ಅವರು ಆರಿಸ್ಕೊಂಡ ವಿಷಯಕ್ಕೆ ಮಾತ್ರ. ಬ್ರಿಟನ್ನಲ್ಲಿ 2015ರ ಒಂದು ಕಾಯ್ದೆ ಪ್ರಕಾರ ವ್ಯಾಪಾರಿಗಳಿಗೆ ಅನ್ವಯಿಸೋ ಎಷ್ಟೋ ನಿಯಮಗಳ ಒಳಗೇ ಬರ್ದಿರ್ತಾರೆ, 5 ವರ್ಷದೊಳಗೆ ಪರಿಶೀಲಿಸಿ ವರದಿ ಕೊಡ್ಬೇಕು ಅಂತ. ಉದ್ದೇಶ ಏನಿತ್ತು, ಈಡೇರ್ತಾ, ಇದಕ್ಕಿಂತ ಕಮ್ಮಿ ಹೊರೆಯಲ್ಲಿ ಅದೇ ಕೆಲಸ ಆಗ್ತಿತ್ತಾ, ಇದಕ್ಕೆಲ್ಲ ಉತ್ತರ ಕೊಡ್ಬೇಕು.

ನಮಗೂ ಅಂಥದ್ದು ಬೇಕು, ಕಾಯ್ದೆಯಲ್ಲೇ ತಾರೀಖು ಸಮೇತ. ದೊಡ್ಡ ಕನ್ಸಲ್ಟೆನ್ಸಿ ಬೇಡ. ಮಳೆಗಾಲ ಮುಗಿದ್ಮೇಲೆ ವಾರ್ಡಿಗೆ ಐವತ್ತು ಮನೆ ಚೀಟಿ ಎತ್ತಿ ಆರಿಸಿ, ಮುಚ್ಚಳ ತೆಗೆಸಿ, ನಾಲ್ಕು ಬಕೆಟ್ ನೀರು ಸುರಿದು ಎಷ್ಟು ಹೊತ್ತಲ್ಲಿ ಇಂಗುತ್ತೆ ನೋಡಿ, ಬಾವಿ ತೋಡೋರನ್ನ, ಪ್ಲಂಬರ್‌ಗಳನ್ನ ಕೂರಿಸ್ಕೊಂಡು ಮಾತಾಡಿ, ಬಂದ ಉತ್ತರ ಚೆನ್ನಾಗಿಲ್ದಿದ್ರೂ ಹಾಗೇ ಪ್ರಕಟಿಸಿ. ಹೂಳು ತೆಗೆಸ್ದೇ ಇರೋದೇ ಕಾರಣ ಅಂತ ಗೊತ್ತಾದ್ರೆ ದಂಡದ ದುಡ್ಡಲ್ಲೇ ಹೂಳು ತೆಗೆಸೋಕೆ ಜನ ಕಳಿಸಬಹುದಲ್ವಾ!

ನಮ್ಮತ್ತೆ ಮನೆ ಗುಂಡಿಯಿಂದ ಹನ್ನೊಂದು ಬಾಂಡ್ಲಿ ಹೂಳು ತೆಗೆದ್ವಿ, ಹೊಸ ಜಲ್ಲಿ ಹಾಕಿಸಿದ್ವಿ. ಮೊನ್ನೆ ರಾತ್ರಿ ಜೋರು ಮಳೆ ಬಂದಾಗ ಅವರು ಟಾರ್ಚ್ ಹಿಡ್ಕೊಂಡು ಹೋಗಿ ನೋಡಿ, ನೀರು ನಿಂತಿಲ್ಲ ಅಂತ ಹನ್ನೊಂದು ಗಂಟೆಗೆ ನನಗೆ ಫೋನ್ ಮಾಡಿದ್ರು.