ಸಂಬಳ ಜಪ್ತಿಯ ಲೆಕ್ಕವನ್ನು ಕಾರ್ಮಿಕನಿಗೆ ಯಾರೂ ಏಕೆ ಹೇಳುವುದಿಲ್ಲ?

ನನ್ನ ಸಂಬಳ ತಿಂಗಳಿಗೆ 31,000 ರೂಪಾಯಿ. ಕಳೆದ ವರ್ಷದಿಂದ ಅದರಲ್ಲಿ 15,500 ರೂಪಾಯಿಯನ್ನು ‘ಕೋರ್ಟ್ ಅಟ್ಯಾಚ್‌ಮೆಂಟ್’ ಎಂದು ಬರೆದು ಹಿಡಿದುಕೊಳ್ಳುತ್ತಿದ್ದಾರೆ, ಪಿ.ಎಫ್. ಕಡಿತ ಬೇರೆ. ಪೀಣ್ಯದ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ಗುಮಾಸ್ತನಾಗಿರುವ ನಾನು, ಮನೆ ಬಾಡಿಗೆ, ಮಗಳ ಶಾಲೆಯ ಫೀಸು, ಅಮ್ಮನ ಔಷಧಿ ಇಷ್ಟನ್ನೂ ಉಳಿದ ಅರ್ಧದಲ್ಲಿ ನಿಭಾಯಿಸುತ್ತ ಬಂದವನು, ಈಗ ತಿಳಿದುಕೊಂಡಿರುವ ಸಂಗತಿಯೇನೆಂದರೆ ಸಾಲದ ಡಿಕ್ರಿಯೊಂದಕ್ಕಾಗಿ, ಅಂದರೆ ಸಾಲ ಕಟ್ಟಬೇಕೆಂಬ ಕೋರ್ಟಿನ ತೀರ್ಪಿಗಾಗಿ, ಅರ್ಧ ಸಂಬಳವನ್ನು ಜಪ್ತಿ ಮಾಡುವುದಕ್ಕೆ ಕಾನೂನಿನಲ್ಲಿ ಅವಕಾಶವೇ ಇಲ್ಲ. ಇಷ್ಟು ದಿನ ಇದನ್ನು ಒಬ್ಬರೂ ನನಗೆ ಹೇಳಲಿಲ್ಲ. ನೋಟಿಸು ತಂದವರು ಹೇಳಲಿಲ್ಲ, ಹಣ ಹಿಡಿದವರು ಹೇಳಲಿಲ್ಲ, ಹಣ ಪಡೆಯುತ್ತಿರುವವರಂತೂ ಹೇಳುವ ಪ್ರಶ್ನೆಯೇ ಬರಲಿಲ್ಲ.

ಸಾಲ ನನ್ನದಲ್ಲ. ನಮ್ಮ ಕಾರ್ಖಾನೆಯಲ್ಲೇ ಕೆಲಸ ಮಾಡುತ್ತಿದ್ದವನೊಬ್ಬ ಗೂಡ್ಸ್ ಆಟೋ ಕೊಳ್ಳಲು ಫೈನಾನ್ಸ್ ಕಂಪನಿಯೊಂದರಲ್ಲಿ ಸಾಲ ಎತ್ತಿದಾಗ, ನಾನೂ ನಮ್ಮಲ್ಲಿಯ ಹೆಲ್ಪರ್ ಒಬ್ಬನೂ ಜಾಮೀನು ಹಾಕಿದ್ದೆವು. ಜೊತೆಯಲ್ಲಿ ದುಡಿಯುವವನ ಕಷ್ಟಕ್ಕೆ ಸಹಿ ಹಾಕುವುದು ನಮ್ಮಂಥವರಲ್ಲಿ ನಡೆದುಕೊಂಡು ಬಂದಿರುವ ರೀತಿ, ಅದರ ಬಗ್ಗೆ ನನಗೆ ಯಾವ ನಾಚಿಕೆಯೂ ಇಲ್ಲ. ಅವನು ಕೆಲಸ ಬಿಟ್ಟ, ಕಂತು ನಿಲ್ಲಿಸಿದ. ಕಂಪನಿಯವರು ದಾವೆ ಹೂಡಿದರು. ಸಮನ್ಸು ನಾನು ಎಂದೋ ಖಾಲಿ ಮಾಡಿದ್ದ ದಾಸರಹಳ್ಳಿಯ ಬಾಡಿಗೆ ಮನೆಯ ವಿಳಾಸಕ್ಕೆ ಹೋಯಿತು. ನಮ್ಮ ಕಡೆಯ ಮಾತು ಕೇಳದೆ ಏಕಪಕ್ಷೀಯವಾಗಿ ಡಿಕ್ರಿ ಆಯಿತು. ನನಗೆ ವಿಷಯ ತಿಳಿದದ್ದು ಜಪ್ತಿ ಆದೇಶ ಕಾರ್ಖಾನೆಗೆ ಬಂದ ಮೇಲೆ, ಅದೂ ಅಕೌಂಟ್ಸ್ ವಿಭಾಗದಿಂದ ಕರೆ ಬಂದು, ನಾಲ್ಕು ಜನರ ಎದುರಿನಲ್ಲಿ ‘ನಿಮ್ಮ ಮೇಲೆ ಕೋರ್ಟ್ ಕೇಸಿದೆಯಂತಲ್ಲ’ ಎಂದು ಕೇಳಿಸಿಕೊಂಡ ಮೇಲೆ. ಆದೇಶದ ಒಂದು ಪ್ರತಿ ಕೊಡಿ ಎಂದರೆ ‘ಅದು ಆಫೀಸಿಗೆ ಬಂದ ಕಾಗದ’ ಎಂದರು. ನನ್ನ ಅನ್ನಕ್ಕೆ ಸಂಬಂಧಿಸಿದ ಕಾಗದವನ್ನು ನನಗೇ ತೋರಿಸದಿರುವ ಅಧಿಕಾರ ಇವರಿಗೆ ಯಾರು ಕೊಟ್ಟರು?

ಕಾನೂನಿನ ಲೆಕ್ಕ ಒಂದು ಸಾಲಿನಲ್ಲಿ ಹೇಳಿ ಮುಗಿಸುವಷ್ಟು ಸರಳವಾಗಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ, ಸಂಬಳದ ಮೊದಲ 1,000 ರೂಪಾಯಿ ಮತ್ತು ಮಿಕ್ಕ ಮೊತ್ತದ ಮೂರರಲ್ಲಿ ಎರಡು ಭಾಗವನ್ನು ಮುಟ್ಟುವ ಹಾಗಿಲ್ಲ. ಅಂದರೆ ನನ್ನ 31,000ದಲ್ಲಿ 1,000 ಕಳೆದರೆ 30,000. ಅದರ ಮೂರನೇ ಒಂದು ಭಾಗ 10,000. ಜಪ್ತಿ ಆಗಬಹುದಾದದ್ದು ಅಷ್ಟೇ. ಹೆಂಡತಿ ಮಕ್ಕಳ ಜೀವನಾಂಶದ ಡಿಕ್ರಿಗೆ ಇದಕ್ಕಿಂತ ಬಿಗಿಯಾದ ಬೇರೆ ಲೆಕ್ಕವಿದೆ, ಅದು ಇರಬೇಕಾದದ್ದೇ. ಆದರೆ ಸಾಲದ ಡಿಕ್ರಿಗೆ ನನ್ನಿಂದ ತಿಂಗಳಿಗೆ 5,500 ರೂಪಾಯಿ ಹೆಚ್ಚಾಗಿ ಕಿತ್ತುಕೊಂಡದ್ದು ಯಾವ ಲೆಕ್ಕ? ಆ 1,000 ರೂಪಾಯಿಯ ಮಿತಿಯಾದರೂ 2002ರ ಜುಲೈ 1ರಂದು ಜಾರಿಗೆ ಬಂದ ತಿದ್ದುಪಡಿಯದು. ಅದಕ್ಕೂ ಮೊದಲು 400 ರೂಪಾಯಿ ಇತ್ತು. ಇಂದು ಒಂದು ಗ್ಯಾಸ್ ಸಿಲಿಂಡರ್ ತಂದರೆ ಆ ಸಾವಿರದಲ್ಲಿ ಚಿಲ್ಲರೆ ಮಾತ್ರ ಉಳಿಯುತ್ತದೆ ಎಂಬುದು ದೆಹಲಿಯಲ್ಲಿ ಕುಳಿತು ಕಾನೂನು ತಿದ್ದುವವರಿಗೆ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹೊಳೆಯಲಿಲ್ಲ.

ಅಕೌಂಟ್ಸ್‌ನವರು ಅರ್ಧ ಎಂಬ ಲೆಕ್ಕವನ್ನು ಎಲ್ಲಿಂದ ತಂದರು ಎಂಬುದು ನನಗೆ ತಡವಾಗಿ ಅರ್ಥವಾಯಿತು. ಹಿಂದಿನ ವೇತನ ಪಾವತಿ ಕಾಯ್ದೆಯಲ್ಲೂ ಈಗ ಜಾರಿಯಲ್ಲಿರುವ ವೇತನ ಸಂಹಿತೆಯಲ್ಲೂ, ಎಲ್ಲ ಬಗೆಯ ಕಡಿತಗಳು ಸೇರಿ ವೇತನದ ಶೇಕಡಾ 50ನ್ನು ಮೀರಬಾರದು ಎಂಬ ನಿಯಮವಿದೆ. ಹಿಂದಿನ ಕಾಯ್ದೆಯಲ್ಲಿ ಸಹಕಾರ ಸಂಘದ ಕಡಿತವಿದ್ದರೆ ಶೇಕಡಾ 75ರವರೆಗೂ ಹೋಗಬಹುದಿತ್ತು. ಕಾರ್ಮಿಕನ ಕೈಯಲ್ಲಿ ಇಷ್ಟಾದರೂ ಉಳಿಯಲಿ ಎಂದು ಮಾಡಿದ ಆ ಗರಿಷ್ಠ ಮಿತಿಯನ್ನು ಇವರು ಕೋರ್ಟಿಗೆ ಕಳುಹಿಸಬೇಕಾದ ಮೊತ್ತ ಎಂದೇ ಓದಿಕೊಂಡಿದ್ದಾರೆ. ಇದರ ಹಿಂದೆ ಹೆದರಿಕೆಯೂ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಖಾಸಗಿ ನೌಕರರ ಸಂಬಳ ಜಪ್ತಿಗೆ ಸಂಬಂಧಿಸಿದ 21ನೇ ಆದೇಶದ (ಆರ್ಡರ್ 21) 48-ಎ ನಿಯಮದಡಿ, ಹಿಡಿಯಬೇಕಾದ ಹಣವನ್ನು ಮಾಲೀಕ ಹಿಡಿಯದೆ ನೌಕರನಿಗೆ ಕೊಟ್ಟುಬಿಟ್ಟರೆ ಆ ಹಣವನ್ನು ಅವನೇ ಕೈಯಿಂದ ಕಟ್ಟಬೇಕಾಗುತ್ತದೆ. ಹೆಚ್ಚು ಹಿಡಿದರೆ ಏನು ಎಂಬುದಕ್ಕೆ ಅದೇ ನಿಯಮದಲ್ಲಿ ಮಾತಿಲ್ಲ. ಹೀಗಿರುವಾಗ ಅಕೌಂಟ್ಸ್‌ನವರು ಯಾವ ಕಡೆಗೆ ತಪ್ಪುತ್ತಾರೆ ಎಂಬುದನ್ನು ಯಾರು ಬೇಕಾದರೂ ಊಹಿಸಬಹುದು.

ನನ್ನ ಕಥೆಗಿಂತ ನನಗೆ ಹೆಚ್ಚು ಸಿಟ್ಟು ತರಿಸಿರುವುದು ಆ ಹೆಲ್ಪರ್‌ನ ಕಥೆ. ಯಾದಗಿರಿ ಕಡೆಯ ಹುಡುಗ, ಕೂಲಿ 16,000 ರೂಪಾಯಿ. ಅವನ ವೇತನ ಚೀಟಿಯಲ್ಲಿ ‘ಅದರ್ಸ್’ ಎಂಬ ಕಾಲಂನಲ್ಲಿ 8,000 ಎಂದು ಬರೆದಿದ್ದರು, ಬೇರೆ ಒಂದಕ್ಷರದ ವಿವರಣೆಯಿಲ್ಲ. ಹಬ್ಬಕ್ಕೆ ತೆಗೆದುಕೊಂಡಿದ್ದ ಅಡ್ವಾನ್ಸನ್ನು ಮುರಿದುಕೊಳ್ಳುತ್ತಿದ್ದಾರೆ ಎಂದೇ ಅವನು ತಿಳಿದಿದ್ದ. ನಾನು ಆ ಚೀಟಿಯನ್ನು ನನ್ನ ಚೀಟಿಯ ಪಕ್ಕದಲ್ಲಿಟ್ಟು ನೋಡಿದಾಗಲೇ ಇಬ್ಬರದೂ ಒಂದೇ ಡಿಕ್ರಿಯ ಕಡಿತ ಎಂದು ಗೊತ್ತಾದದ್ದು. ಅದೇ 60ನೇ ಕಲಂ, ಕೂಲಿಕಾರರ ಮತ್ತು ಮನೆಗೆಲಸದವರ ಕೂಲಿಯನ್ನು ಜಪ್ತಿಯಿಂದ ಪೂರ್ತಿಯಾಗಿ ಹೊರಗಿಟ್ಟಿದೆ. ಕೂಲಿ ಎಂದರೆ ಬೋನಸ್ಸೂ ಸೇರುತ್ತದೆ, ಕೂಲಿಕಾರ ಎಂದರೆ ಕುಶಲ, ಅರೆಕುಶಲ, ಅಕುಶಲ ಎಲ್ಲರೂ ಸೇರುತ್ತಾರೆ ಎಂದು ಅಲ್ಲಿಯೇ ವಿವರಣೆಯನ್ನೂ ಕೊಟ್ಟಿದೆ. ಹಾಗಾದರೆ ಇಡೀ ದಿನ ಕಬ್ಬಿಣ ಹೊತ್ತು, ಲೇತ್‌ಗಳ ಕೆಳಗಿನ ಚೂರು ಬಾಚುವ ಆ ಹುಡುಗನ ಕೂಲಿಯಲ್ಲಿ ಒಂದು ರೂಪಾಯಿಯನ್ನೂ ಮುಟ್ಟಬಾರದಿತ್ತು. ತಿಂಗಳಿಗೆ 8,000 ರೂಪಾಯಿ ಹೋಗುತ್ತಿದ್ದುದರಿಂದ ಅವನು ಊರಿಗೆ ಹಣ ಕಳುಹಿಸುವುದನ್ನೇ ನಿಲ್ಲಿಸಿದ್ದ.

ಇನ್ನು ಸಾಲ ಕೊಟ್ಟವರ ವಿಷಯ. ಮೂಲ ಸಾಲಗಾರನ ಆಟೋ ಇಂದಿಗೂ ನೆಲಮಂಗಲ ರಸ್ತೆಯಲ್ಲಿ ಬಾಡಿಗೆ ಹೊಡೆಯುತ್ತಿದೆ, ಅದು ಅವರ ಹತ್ತಿರವೇ ಅಡಮಾನವಿರುವ ವಾಹನ. ಅದನ್ನು ಹುಡುಕಿ ಹಿಡಿಯುವ ಶ್ರಮ ಅವರಿಗೆ ಬೇಡ, ತಿಂಗಳಿಗೊಮ್ಮೆ ತಾನಾಗಿ ಬರುವ ನಮ್ಮ ಸಂಬಳ ಬೇಕು. 1872ರ ಕರಾರು ಕಾಯ್ದೆಯ 128ನೇ ಕಲಂ ಜಾಮೀನುದಾರನ ಹೊಣೆಯನ್ನು ಸಾಲಗಾರನ ಹೊಣೆಯಷ್ಟೇ ಎಂದು ಹೇಳಿರುವುದರಿಂದ ಅವರು ನೇರವಾಗಿ ನಮ್ಮ ಮೇಲೆ ಬರಬಹುದು, ಅದನ್ನು ಒಪ್ಪುತ್ತೇನೆ. ಆದರೆ ಅದೇ ಕಾಯ್ದೆಯ ಪ್ರಕಾರ, ಸಾಲ ತೀರಿಸಿದ ಜಾಮೀನುದಾರ ಸಾಲ ಕೊಟ್ಟವನ ಜಾಗದಲ್ಲಿ ನಿಲ್ಲುತ್ತಾನೆ, ಅಡಮಾನದ ಮೇಲಿನ ಹಕ್ಕು ಅವನಿಗೆ ಬರುತ್ತದೆ, ಕಟ್ಟಿದ ಹಣವನ್ನು ಸಾಲಗಾರನಿಂದ ವಸೂಲಿ ಮಾಡಬಹುದು, ಸಹ ಜಾಮೀನುದಾರರು ಹೊರೆಯನ್ನು ಸಮನಾಗಿ ಹಂಚಿಕೊಳ್ಳಬೇಕು. ಸಹಿ ಹಾಕಿಸಿಕೊಳ್ಳುವ ದಿನ ಈ ಎರಡನೆಯ ಅರ್ಧವನ್ನು ಯಾವ ಏಜೆಂಟನೂ ಓದಿ ಹೇಳುವುದಿಲ್ಲ. ಅವರ ವಸೂಲಿ ಹುಡುಗರು ಫೋನು ಮಾಡಿ ‘ಬಾಕಿ ಒಟ್ಟಿಗೆ ಕಟ್ಟದಿದ್ದರೆ ಜೈಲಿಗೆ ಹೋಗುತ್ತೀರಿ’ ಎಂದು ಮನೆಯ ಹೆಂಗಸರನ್ನು ಹೆದರಿಸುತ್ತಾರೆ. ಕೊಡುವ ಶಕ್ತಿಯೇ ಇಲ್ಲದವನನ್ನು ಕೇವಲ ಸಾಲ ತೀರಿಸಲಿಲ್ಲವೆಂದು ಜೈಲಿಗೆ ಹಾಕುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂದು ಸುಪ್ರೀಂ ಕೋರ್ಟು 1980ರಲ್ಲಿಯೇ ಹೇಳಿದೆ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವುದಕ್ಕಂತೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಂ ಅವಕಾಶವನ್ನೇ ಕೊಡುವುದಿಲ್ಲ. ಆ ಹುಡುಗರಿಗೆ ಇದು ಗೊತ್ತಿಲ್ಲದಿರಬಹುದು, ಅವರನ್ನು ಕಳುಹಿಸುವವರಿಗೆ ಗೊತ್ತಿಲ್ಲ ಎಂದರೆ ನಾನು ನಂಬುವುದಿಲ್ಲ.

ಜಪ್ತಿಗೆ ಕೊನೆಯೂ ಇದೆ ಎಂಬುದನ್ನು ಇವರು ಇನ್ನೂ ಜೋಪಾನವಾಗಿ ಮುಚ್ಚಿಡುತ್ತಾರೆ. ಒಂದೇ ಡಿಕ್ರಿಗಾಗಿ ಒಟ್ಟು 24 ತಿಂಗಳು ಸಂಬಳ ಜಪ್ತಿಯಾದರೆ, ಆ ಡಿಕ್ರಿಯ ಮಟ್ಟಿಗೆ ಆ ಸಂಬಳ ಶಾಶ್ವತವಾಗಿ ಬಿಡುಗಡೆಯಾಗುತ್ತದೆ. ಬೇರೆ ಬೇರೆ ಡಿಕ್ರಿಗಳಿಗಾಗಿ 24 ತಿಂಗಳು ಹಿಡಿದಿದ್ದರೆ ಮುಂದಿನ 12 ತಿಂಗಳು ಮುಟ್ಟುವಂತಿಲ್ಲ. ಒಂದು ಜಪ್ತಿ ನಡೆಯುತ್ತಿರುವಾಗಲೇ ಇನ್ನೊಂದು ಆದೇಶ ಬಂದರೆ ಎರಡನ್ನೂ ಸೇರಿಸಿ ಹಿಡಿಯುವುದಲ್ಲ, ಮೊದಲಿನದರ ವಿವರ ಬರೆದು ಎರಡನೆಯದನ್ನು ಕೋರ್ಟಿಗೆ ಹಿಂದಿರುಗಿಸಬೇಕು. ಈ ರಕ್ಷಣೆ ನನಗೆ ಬೇಡ ಎಂದು ಸಾಲದ ಪತ್ರದಲ್ಲಿ ಮೊದಲೇ ಬರೆಸಿಕೊಂಡಿದ್ದರೂ ಆ ಕರಾರು ಅಸಿಂಧು. ಪಿ.ಎಫ್. ಮತ್ತು ಗ್ರ್ಯಾಚುಟಿಯ ಹಣಕ್ಕೂ ಕೈಹಾಕುವಂತಿಲ್ಲ. ಇಷ್ಟೆಲ್ಲ ಪುಸ್ತಕದಲ್ಲಿದ್ದರೂ, ತಿಂಗಳುಗಳನ್ನು ಎಣಿಸಿಟ್ಟು ‘ಇನ್ನು ಹಿಡಿಯಬೇಡಿ’ ಎಂದು ಹೇಳುವ ಕೆಲಸವನ್ನು ಸಂಬಳ ಕಳೆದುಕೊಂಡವನೇ ಮಾಡಬೇಕು. ಸಹಕಾರ ಸಂಘದ ಸಾಲಕ್ಕೆ ನಾವೇ ಬರೆದುಕೊಟ್ಟ ಒಪ್ಪಿಗೆಯ ಮೇಲೆ ಆಗುವ ಕಡಿತ ಇದರಿಂದ ಬೇರೆಯದು. ಎರಡನ್ನೂ ಒಂದೇ ಎಂದು ತಿಳಿದು ಸುಮ್ಮನಾದವರನ್ನು ನಮ್ಮಲ್ಲಿಯೇ ಕಂಡಿದ್ದೇನೆ.

ನಮಗೆ ದಾರಿ ತೋರಿಸಿದವರು ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿದ್ದ ವಕೀಲೆಯೊಬ್ಬರು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಕೈಗಾರಿಕಾ ಕಾರ್ಮಿಕರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು ಎಂಬುದು ನನಗೆ ಆ ದಿನವೇ ಗೊತ್ತಾಯಿತು. ಕಾನೂನು ನೆರವಿನ 15100 ಸಂಖ್ಯೆಗೆ ಫೋನು ಮಾಡಿದರೂ ವಿಚಾರಿಸಬಹುದು. ಅವರು ಮೊದಲು ಕೇಳಿದ್ದು ಡಿಕ್ರಿಯ ಮತ್ತು ಜಪ್ತಿ ಆದೇಶದ ಪ್ರಮಾಣೀಕೃತ ಪ್ರತಿಗಳನ್ನು. ಕಾರ್ಖಾನೆಯವರು ಕೊಡದಿದ್ದರೇನು, ಕೋರ್ಟಿನಲ್ಲಿ ಅರ್ಜಿ ಹಾಕಿದರೆ ಸಿಗುತ್ತದೆ. ಹೆಚ್ಚುವರಿ ಕಡಿತದ ವಿರುದ್ಧ, ಡಿಕ್ರಿಯ ಅಮಲ್ಜಾರಿ (ವಸೂಲಿಯ ಕ್ರಮ) ನಡೆಯುತ್ತಿರುವ ಕೋರ್ಟಿನಲ್ಲಿಯೇ ವೇತನ ಚೀಟಿಗಳನ್ನು ಲಗತ್ತಿಸಿ ತಕರಾರು ಸಲ್ಲಿಸಬೇಕು. ಸಮನ್ಸು ಸರಿಯಾಗಿ ಜಾರಿಯಾಗದೆ ಏಕಪಕ್ಷೀಯ ಡಿಕ್ರಿ ಆಗಿದ್ದರೆ, ವಿಷಯ ತಿಳಿದ ದಿನದಿಂದ 30 ದಿನಗಳೊಳಗೆ ಅದನ್ನು ರದ್ದುಪಡಿಸಲು ಕೇಳಬಹುದು. ಆ ಅವಧಿ ಮೀರಿದ್ದರೆ ವಿಳಂಬಕ್ಕೆ ಕಾರಣ ಕೊಟ್ಟು ಮನ್ನಿಸುವಂತೆ ಕೋರಬೇಕು, ಈಗ ನಾನು ಮಾಡಿರುವುದೂ ಅದನ್ನೇ. ಡಿಕ್ರಿದಾರ, ಅಂದರೆ ಡಿಕ್ರಿ ಪಡೆದ ಸಾಲ ಕೊಟ್ಟವನು, ಒಪ್ಪಿದರೆ ಕಂತಿನಲ್ಲಿ ಕಟ್ಟಲು ಕೋರ್ಟು ಅನುಮತಿ ಕೊಡಬಹುದು. ಲೋಕ ಅದಾಲತ್‌ನಲ್ಲಿ ಬಡ್ಡಿ ಬಿಡಿಸಿಕೊಂಡು ರಾಜಿಯಾದವರೂ ಇದ್ದಾರೆ, ಆದರೆ ಅಲ್ಲಿಯ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲದಿರುವುದರಿಂದ, ಕಂತಿನ ಮೊತ್ತ ನಿಜವಾಗಿಯೂ ಕಟ್ಟುವಷ್ಟೇ ಇದೆಯೇ ಎಂದು ಮನೆಯ ಖರ್ಚಿನೊಂದಿಗೆ ತಾಳೆ ನೋಡದೆ ಸಹಿ ಹಾಕಬಾರದು ಎಂದು ಆ ವಕೀಲೆ ಎರಡೆರಡು ಸಲ ಹೇಳಿದರು.

ನಾನು ಕೇಳುವುದು ದೊಡ್ಡದೇನನ್ನೂ ಅಲ್ಲ. ಮಾಲೀಕನಿಗೆ ಹೋಗುವ ಪ್ರತಿಯೊಂದು ಜಪ್ತಿ ಆದೇಶದಲ್ಲಿ ಎಷ್ಟು ಹಿಡಿಯಬೇಕು, ಹೇಗೆ ಲೆಕ್ಕ ಹಾಕಬೇಕು, ಯಾವ ತಿಂಗಳಿಗೆ ನಿಲ್ಲಿಸಬೇಕು, ಕೂಲಿಕಾರನಾದರೆ ಹಿಡಿಯುವಂತೆಯೇ ಇಲ್ಲ ಎಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಿಸಲಿ. ಅದರ ಒಂದು ಪ್ರತಿಯನ್ನು ಕಾರ್ಮಿಕನ ಕೈಗೆ ಕೊಟ್ಟು ಸಹಿ ಪಡೆಯದೆ ಕಡಿತ ಆರಂಭವಾಗದಿರಲಿ. ಹೆಚ್ಚು ಹಿಡಿದ ಮಾಲೀಕನೂ ಕಡಿಮೆ ಹಿಡಿದವನಂತೆಯೇ ಕೈಯಿಂದ ಕಟ್ಟುವ ಹಾಗಾಗಲಿ. ಹೆಲ್ಪರ್ ಹುಡುಗನ ಹೆಸರಿನಲ್ಲಿಯೂ ಈಗ ಅರ್ಜಿ ಸಲ್ಲಿಸಿದ್ದೇವೆ. ಹಿಡಿದಿರುವ ಹಣವನ್ನು ಕೋರ್ಟಿಗೆ ಕಟ್ಟಿಯಾಗಿದೆ, ನಮ್ಮದೇನೂ ಇಲ್ಲ ಎಂದು ಕಾರ್ಖಾನೆಯವರು ಹೇಳುತ್ತಾರೆ. ನಮಗೆ ಬಂದ ಹಣ ಸಾಲದ ಖಾತೆಗೆ ಜಮಾ ಆಗಿಹೋಗಿದೆ ಎಂದು ಫೈನಾನ್ಸ್‌ನವರು ಹೇಳುತ್ತಾರೆ. ಅವನ ಕೂಲಿಯಿಂದ ಹೋದ ಅಷ್ಟೂ ಹಣ ಅವನಿಗೆ ಹಿಂದಿರುಗಬೇಕು, ಅದಕ್ಕಾಗಿ ಎಷ್ಟು ವಾಯಿದೆ ಬಿದ್ದರೂ ನಾನು ಅವನ ಜೊತೆ ಹೋಗಿ ನಿಲ್ಲುತ್ತೇನೆ.