ಆ ಕೆಂಪು ಗ್ಲೌಸ್ ಯಾಕೆ ಬೇಕಿತ್ತು?

ನಿನ್ನೆಯಿಂದ ತಲೆ ಕಾದುಹೋಗಿದೆ. ಬರೆದೇ ಬಿಡುತ್ತೇನೆ.

ರವಿವಾರ ನಮ್ಮದು ಬರ್ಲೆಸ್ಕ್ ಪ್ರಾಕ್ಟೀಸ್. ಬರ್ಲೆಸ್ಕ್ ಅಂದರೆ ನಗಿಸುತ್ತ, ಅಣಕಿಸುತ್ತ, ತೊಟ್ಟದ್ದನ್ನು ಒಂದೊಂದಾಗಿ ನಿಧಾನ ತೆಗೆಯುವ ಕುಣಿತ. ಗೆಳತಿಯ ಮನೆಯ ಮಹಡಿ, ಏಳೆಂಟು ಹೆಂಗಸರು, ಬಾಗಿಲಿಗೆ ಚಿಲಕ, ಮೊಬೈಲೆಲ್ಲ ಒಂದು ಬುಟ್ಟಿಯಲ್ಲಿ. ನಿನ್ನೆ ಹೊಸಬಳೊಬ್ಬಳು ಬಂದಳು. 28 ವಯಸ್ಸು, ಬ್ಯಾಂಕಿನಲ್ಲಿ ಕೆಲಸ. ಕಲಬುರಗಿಯ ಮೇ ತಿಂಗಳು, ಮಧ್ಯಾಹ್ನ ಮೂರು ಗಂಟೆ. ಸ್ಕೂಟಿ ನಿಲ್ಲಿಸಿ, ಮೆಟ್ಟಿಲು ಹತ್ತಿ, ಬಾಗಿಲಲ್ಲಿ ನಿಂತಳು. ಮುಖದ ತುಂಬ ಓಢಣಿ ಸುತ್ತಿದ್ದಳು, ಕಣ್ಣಷ್ಟೇ ಕಾಣುತ್ತಿದ್ದವು. ಮೊಣಕೈವರೆಗೆ ಹತ್ತಿಯ ಗ್ಲೌಸ್. ಒಂದೊಂದೇ ಬೆರಳು ಎಳೆದು ಅವನ್ನು ತೆಗೆದಳು. ಆಮೇಲೆ ಕತ್ತಿನ ಹಿಂದಿನ ಗಂಟು ಬಿಚ್ಚಿದಳು. ಒಂದು ಸುತ್ತು, ಎರಡು ಸುತ್ತು. ಮೂಗು ಕಂಡಿತು, ತುಟಿ ಕಂಡಿತು. ತಲೆ ಕೊಡವಿ, "ಏನ್ ಬಿಸಲ ಅದರೀ ಅಕ್ಕಾ" ಅಂದಳು.

ನಾವ್ಯಾರೂ ಉತ್ತರ ಕೊಡಲಿಲ್ಲ. ಎಲ್ಲರೂ ಮಾತು ಬಿಟ್ಟು ಅವಳನ್ನೇ ನೋಡುತ್ತಿದ್ದೆವು.

ಹತ್ತು ನಿಮಿಷ ಆದಮೇಲೆ ಬ್ಯಾಗಿನಿಂದ ಕೆಂಪು ಸಾಟಿನ್ ಗ್ಲೌಸ್ ತೆಗೆದು ಹಾಕಿಕೊಂಡಳು. ಆನ್‌ಲೈನ್‌ನಲ್ಲಿ ತರಿಸಿದ್ದಂತೆ. ಇಂಗ್ಲಿಷ್ ಹಾಡು ಹಚ್ಚಿ, ಬರ್ಲೆಸ್ಕ್ ವಿಡಿಯೋದಲ್ಲಿ ಇದ್ದ ಹಾಗೇ ಮಾಡಿದಳು. ಅದೇ ಭುಜ, ಅದೇ ಕಣ್ಣು ಹೊಡೆಯುವುದು. ಬಾಗಿಲಲ್ಲಿ ನಿಂತಿದ್ದ ಆ ಹೆಣ್ಣು ಎಲ್ಲಿ ಹೋದಳೋ! ನನಗೆ ಅಳು ಬರುವಷ್ಟು ಸಿಟ್ಟು ಬಂತು.

"ಯಾಕ ಹಿಂಗ ಮಾಡ್ದಿ?" ಅಂತ ಕೇಳಿದೆ. "ವಿಡಿಯೋದಾಗ ಹಿಂಗೇ ಅದರೀ ಅಕ್ಕಾ" ಅಂದಳು.

ವಿಡಿಯೋದಲ್ಲಿ ಇರುವವಳು ತನ್ನದನ್ನು ಹುಡುಕಿಕೊಂಡಿದ್ದಾಳೆ. ಅದಕ್ಕೇ ಅದು ಚಂದ. ಬರ್ಲೆಸ್ಕ್ ಅನ್ನುವ ಪದದ ಬೇರು ಇಟಾಲಿಯನ್ ಭಾಷೆಯ 'ಬುರ್ಲಾ'. ಅಂದರೆ ತಮಾಷೆ, ಅಣಕ. 1868ರಲ್ಲಿ ನಟಿ ಲಿಡಿಯಾ ಥಾಂಪ್ಸನ್ ಇಂಗ್ಲೆಂಡಿನಿಂದ ನ್ಯೂಯಾರ್ಕ್‌ಗೆ ತನ್ನ ತಂಡ ಕರೆದುಕೊಂಡು ಹೋದಾಗ ಹೆಂಗಸರು ಗಂಡಸರ ಪಾತ್ರ ಹಾಕಿ ಅಣಕಿಸಿದ್ದರು. ಅಮೆರಿಕದ ಬರ್ಲೆಸ್ಕ್ ಕಲಾವಿದೆ ಜಿಪ್ಸಿ ರೋಸ್ ಲೀ ಬಟ್ಟೆ ತೆಗೆಯುವುದಕ್ಕಿಂತ ಮಾತಿನಿಂದ ಹೆಸರಾದವಳು. ಸ್ಯಾಲಿ ರಾಂಡ್ 1933ರಲ್ಲಿ ಶಿಕಾಗೋದ ಜಾಗತಿಕ ಮೇಳದಲ್ಲಿ ದೊಡ್ಡ ಗರಿಯ ಬೀಸಣಿಗೆ ಹಿಡಿದು ಕುಣಿದಳು. ಈಗಿನ ಡೀಟಾ ವಾನ್ ಟೀಸ್ ಆಳೆತ್ತರದ ಗಾಜಿನ ಲೋಟದಲ್ಲಿ ಕೂರುತ್ತಾಳೆ. ಒಬ್ಬಳ ಹಾಗೆ ಇನ್ನೊಬ್ಬಳಿಲ್ಲ. ನಾವು ಮಾತ್ರ ಎಲ್ಲರೂ ಒಂದೇ ಕೆಂಪು ಗ್ಲೌಸ್ ಯಾಕೆ ತರಿಸಬೇಕು?

"ನೋಡಿಯೇ ಕಲಿಯಬೇಕಲ್ಲ, ಮೊದಲು ಎಲ್ಲರೂ ನಕಲೇ ಮಾಡೋದು" ಅಂತ ನಮ್ಮಲ್ಲೇ ಒಬ್ಬರು ಹೇಳಿದರು. ಹೌದು, ನೋಡಿ ಕಲಿಯಬೇಕು. ಆದರೆ ಗುರುವಿನ ಮುಂದೆ ಕೂತರೆ ಗುರು ನಿಮ್ಮನ್ನೂ ನೋಡುತ್ತಾರೆ. ನಿಮ್ಮ ಸೊಂಟ ಎಷ್ಟು ತಿರುಗುತ್ತದೆ, ನಿಮ್ಮ ನಗು ಎಲ್ಲಿ ಶುರುವಾಗುತ್ತದೆ ಅಂತ. ವಿಡಿಯೋ ನಿಮ್ಮನ್ನು ನೋಡುವುದಿಲ್ಲ. ಎರಡು ವರ್ಷ ನಕಲು ಮಾಡಿದವಳು ನಾನು. ಗೊತ್ತಿದ್ದೇ ಹೇಳುತ್ತಿದ್ದೇನೆ.

ಆ ಎರಡು ವರ್ಷ ನನ್ನ ಕುಣಿತ ನೋಡಿ ಎಲ್ಲರೂ ಚಪ್ಪಾಳೆ ಹೊಡೆದರು, ಒಬ್ಬರೂ ನಗಲಿಲ್ಲ. ಆಮೇಲೆ ಗ್ಲೌಸ್ ಬದಲು ಹಸಿರು ಬಳೆ ಒಂದೊಂದೇ ತೆಗೆಯೋಣ ಅಂದುಕೊಂಡೆ. ಸೂಪರ್ ಮಾರ್ಕೆಟ್‌ಗೆ ಹೋಗಿ ಎರಡು ಡಜನ್ ತಂದೆ. ನಾಲ್ಕನೇ ಬಳೆ ತೆಗೆಯುವಾಗ ಗೆಳತಿಯ ಅತ್ತೆಯವರ ಮುಖ ನೋಡಿದೆ. ಗಂಡನನ್ನು ಕಳಕೊಂಡು ಮೂರು ವರ್ಷ ಆಗಿತ್ತು ಅವರಿಗೆ. ಅಲ್ಲೇ ನಿಲ್ಲಿಸಿದೆ. ಅವರ ಕಾಲ ಹತ್ತಿರ ಹೋಗಿ ಕೂತೆ. ನಮ್ಮ ಕಡೆ ಹೆಣ್ಣಿನ ಕೈಯಿಂದ ಬಳೆ ಇಳಿಯುವುದಕ್ಕೆ ಬೇರೆ ಅರ್ಥವೇ ಇದೆ. ಯಾವ ವಿಡಿಯೋ ನನಗೆ ಅದನ್ನು ಹೇಳುತ್ತಿತ್ತು?

ನನ್ನದು ಸಿಕ್ಕಿದ್ದು ಮನೆ ಬಾಗಿಲಲ್ಲಿ. ಬೆಲ್ ಆಯಿತು, ಸಿಲಿಂಡರ್ ತಂದಿದ್ದರು. ನೈಟಿ ಮೇಲೆ ಗಬಕ್ಕನೆ ಟವೆಲ್ ಎಳೆದುಕೊಂಡೆ. ಬಾಗಿಲು ಹಾಕಿ ಟವೆಲ್ ಬಿಸಾಕಿದೆ. ಮತ್ತೆ ಬೆಲ್, ಸಹಿ ಬೇಕಿತ್ತಂತೆ. ಮತ್ತೆ ಟವೆಲ್! ಈಗ ಅದೇ ನನ್ನ ಐಟಂ. ಗರಿಯ ಶಾಲು ಇಲ್ಲ, ಟವೆಲ್ ಇದೆ. ಬೆಲ್ ಆದಾಗಲೆಲ್ಲ ಎಳೆದುಕೊಳ್ಳುತ್ತೇನೆ, ಪ್ರತಿ ಸಲ ಇನ್ನಷ್ಟು ನಿಧಾನ. ಕೊನೆಯ ಬೆಲ್‌ಗೆ ಎಳೆದುಕೊಳ್ಳುವುದೇ ಇಲ್ಲ, ಸುಮ್ನೆ ನಿಲ್ಲುತ್ತೇನೆ. ಹಾಡಿನ ಬದಲು ರೊಟ್ಟಿ ಬಡಿಯುವ ಸಪ್ಪಳ. ಮೊದಲ ಸಲ ಮಾಡಿದಾಗ ಆ ಅತ್ತೆಯವರು ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಇದು ನಂದೇ ಅದ ನೋಡವ್ವಾ" ಅಂದರು.

ಇದು ನಮ್ಮ ಸಂಸ್ಕೃತಿ ಅಲ್ಲ ಅನ್ನುವವರು ಮದುವೆ ಮನೆಗಳಲ್ಲಿ ಹೆಂಗಸರಷ್ಟೇ ಇರುವಾಗ ನಡೆಯುವ ಸೋಗು ನೋಡಿಲ್ಲ ಅಂತ ಕಾಣುತ್ತದೆ. ನಮ್ಮ ಸೋದರತ್ತೆ ಮೀಸೆ ಬರೆದುಕೊಂಡು, ಧೋತರ ಉಟ್ಟು, ಬೀಗರ ಗತ್ತು ಹಾಕುತ್ತಿದ್ದರು. ಅವರಿಗೆ ಯಾರೂ ಕಲಿಸಿರಲಿಲ್ಲ. ಬೀಗರನ್ನು ಕಣ್ಣಿಟ್ಟು ನೋಡಿದ್ದರು, ಅಷ್ಟೇ. ಬರ್ಲೆಸ್ಕ್ ಹೊರಗಿನದು ಅಂತ ನಾವೇ ಅಂದುಕೊಂಡಿದ್ದೇವೆ. ಅದಕ್ಕೇ ಅದನ್ನು ಹೊರಗಿನವರ ಹಾಗೇ ಮಾಡಬೇಕು ಅನ್ನಿಸುತ್ತದೆ, ಅಲ್ವಾ?

ರಾತ್ರಿ ಅವಳಿಗೆ ಫೋನ್ ಮಾಡಿದೆ. ಬೈದದ್ದಕ್ಕೆ ಕ್ಷಮೆ ಕೇಳಿದೆ. ಬಾಗಿಲಲ್ಲಿ ಅವಳು ಏನು ಮಾಡಿದಳು ಅಂತ ಪೂರ್ತಿ ಹೇಳಿದೆ. ಅವಳಿಗೆ ನೆನಪೇ ಇರಲಿಲ್ಲ. "ಅದು ಬಿಸಲಿಗೆ ಸುತ್ಕೊಂಡಿದ್ದು ಅಕ್ಕಾ, ಅದರಾಗ ಏನದ?" ಅಂದಳು.

ಬರುವ ರವಿವಾರ ಕೆಂಪು ಗ್ಲೌಸ್ ಮನೆಯಲ್ಲೇ ಬಿಟ್ಟು ಬಾ ಅಂದಿದ್ದೇನೆ. ಸ್ಕೂಟಿ ಮೇಲೆ ಬಾ. ಬಿಸಿಲು ಇಳಿಯುವ ಮೊದಲೇ ಬಾ.